ಗಾಯರಾಣ, ಗ್ರಾಮಸಭೆ ಮತ್ತು ಗ್ರಾಮದ ದಾಖಲೆ

(ಬ್ಯಾಡಗಿ ತಾಲ್ಲೂಕಿನ ಗ್ರಾಮ ಪಂಚಾಯತಿ ಸದಸ್ಯರ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಗ್ರಾಮವೊಂದರ ಉತಾರಗಳನ್ನು ಒಂದೊಂದಾಗಿ ತೆಗೆದು ನೋಡಿದರೆ, ಬಹುಪಾಲು ಸರ್ವೆ ನಂಬರುಗಳ ಮುಂದೆ ಯಾರಾದರೊಬ್ಬ ಖಾತೆದಾರರ ಹೆಸರಿರುತ್ತದೆ. ಕೆಲವೇ ಸರ್ವೆ ನಂಬರುಗಳ ಮುಂದೆ ‘ಸರ್ಕಾರ’ ಎಂದಿರುತ್ತದೆ. ಗಾಯರಾಣ, ಕೆರೆ, ಹಳ್ಳ, ಸ್ಮಶಾನ, ಬಂಡಿದಾರಿ ಇವೆಲ್ಲವೂ ಈ ಗುಂಪಿಗೆ ಸೇರುತ್ತವೆ. ಈ ಒಂದು ಪದವನ್ನು ಗ್ರಾಮಸ್ಥರು ಎರಡು ಬಗೆಯಾಗಿ ಅರ್ಥೈಸಿಕೊಳ್ಳುವುದುಂಟು. ಕೆಲವರು ಅದನ್ನು ಯಾರದ್ದೂ ಅಲ್ಲದ ಭೂಮಿಯೆಂದು ಭಾವಿಸಿ ಬೇಲಿ ಹಾಕುತ್ತಾರೆ. ಉಳಿದವರು ಅದು ಸರ್ಕಾರದ್ದು, ಅದರ ಚಿಂತೆ ಸರ್ಕಾರಕ್ಕೆ ಸೇರಿದ್ದೆಂದು ಸುಮ್ಮನಾಗುತ್ತಾರೆ. ಈ ಎರಡೂ ಭಾವನೆಗಳಿಂದ ಆಗುವ ನಷ್ಟ ಒಂದೇ. ಊರು ನಿತ್ಯ ಬಳಸುವ ಭೂಮಿಯ ಮೇಲೆ ಊರಿನ ಬಳಕೆಗೆ ಒಂದು ಸಾಲಿನ ದಾಖಲೆಯೂ ಇಲ್ಲದಂತಾಗುತ್ತದೆ. ಬಳಕೆಯು ದಾಖಲೆಯಾಗದ ಭೂಮಿಯು ಕಚೇರಿಯ ಕಡತದಲ್ಲಿ ಖಾಲಿ ಭೂಮಿಯಾಗಿಯೇ ಕಾಣುತ್ತದೆ. ಈ ಉಪನ್ಯಾಸದ ಮುಖ್ಯ ಪ್ರತಿಪಾದನೆ ಇಷ್ಟೇ: ಸಾಮೂಹಿಕ ಭೂಮಿಯ ಲೆಕ್ಕವನ್ನು ಗ್ರಾಮಸಭೆಯು ತಾನೇ ಬರೆದಿಟ್ಟುಕೊಳ್ಳಬೇಕು, ಅದೂ ಆಪತ್ತು ಬರುವ ಮೊದಲೇ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಇದೇ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕುಸನೂರು ಆ ನಿದರ್ಶನವಾಗಿದೆ. ಹಾವೇರಿ ಜಿಲ್ಲೆಯು 1997ರಲ್ಲಿ ರಚನೆಯಾಗುವ ಮುನ್ನ, ಈ ಭಾಗವು ಧಾರವಾಡ ಜಿಲ್ಲೆಯಲ್ಲಿದ್ದ ಕಾಲದ ಸಂಗತಿಯಿದು. 1984ರಲ್ಲಿ ರಾಜ್ಯ ಸರ್ಕಾರವು ತುಂಗಭದ್ರಾ ದಂಡೆಯ ಹರಿಹರ ಪಾಲಿಫೈಬರ್ಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿತು. ಅದರಲ್ಲಿ ಸರ್ಕಾರದ ಪಾಲು ಶೇ. 51, ಖಾಸಗಿ ಸಂಸ್ಥೆಯ ಪಾಲು ಶೇ. 49. ಕಾರ್ಖಾನೆಗೆ ಬೇಕಾದ ನೀಲಗಿರಿ ಮುಂತಾದ ಬೇಗ ಬೆಳೆಯುವ ಮರಗಳನ್ನು ಬೆಳೆಸಿಕೊಡುವುದು ಈ ಕಂಪನಿಯ ಕೆಲಸವಾಗಿತ್ತು. ಅದಕ್ಕಾಗಿ ಹಲವು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಗುರುತಿಸಲಾಯಿತು. ಗುತ್ತಿಗೆಯ ಅವಧಿ 40 ವರ್ಷ. ಬಾಡಿಗೆ ಎಕರೆಗೆ ವರ್ಷಕ್ಕೆ 1 ರೂಪಾಯಿ.

ಗುರುತಿಸಿದ ಭೂಮಿಯು ಕಾಗದದ ಮೇಲೆ ಸರ್ಕಾರದ್ದೇ ಆಗಿತ್ತು. ಹಾಗಾಗಿ ಅದನ್ನು ಕೊಡುವುದರಲ್ಲಿ ಕಚೇರಿಗಳಿಗೆ ಅಡ್ಡಿ ಕಾಣಲಿಲ್ಲ. ಆದರೆ ಸುತ್ತಲಿನ ಊರುಗಳ ದನಕರುಗಳು ಅದೇ ಭೂಮಿಯಲ್ಲಿ ಮೇಯುತ್ತಿದ್ದವು. ಒಲೆಯ ಸೌದೆ, ಹೊಲದ ಗೊಬ್ಬರಕ್ಕೆ ಸೊಪ್ಪು, ಸೂರಿಗೆ ಹುಲ್ಲು, ನೇಗಿಲಿಗೆ ಮರ, ಎಲ್ಲವೂ ಅಲ್ಲಿಂದಲೇ ಬರುತ್ತಿದ್ದವು. ನೀಲಗಿರಿಯ ಎಲೆಯನ್ನು ದನ ಮುಟ್ಟುವುದಿಲ್ಲ. ಅದರ ನೆರಳಿನಲ್ಲಿ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ. ಒಂದು ಸಸಿ ನೆಟ್ಟರೆ ಊರಿಗೆ ಒಂದು ಹಿಡಿ ಮೇವು ಕಡಿಮೆಯಾದಂತೆ ಎಂಬುದನ್ನು ದನ ಕಾಯುವವರು ಬಹುಬೇಗ ಅರಿತರು.

ಮುಂದೆ ನಡೆದ ಹೋರಾಟವು ಎರಡು ದಾರಿಯಲ್ಲಿ ಸಾಗಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹಾಗೂ ಅದರ ನೇತೃತ್ವ ವಹಿಸಿದ್ದ ಎಸ್.ಆರ್. ಹಿರೇಮಠ ಅವರು ಹಳ್ಳಿಗಳನ್ನು ಸಂಘಟಿಸಿದರು. ಶಿವರಾಮ ಕಾರಂತರು ಮೊದಲ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. 1987ರ ಮಾರ್ಚ್ ತಿಂಗಳಲ್ಲಿ, ಮುಂದಿನ ಭೂ ಹಸ್ತಾಂತರಕ್ಕೆ ನ್ಯಾಯಾಲಯವು ತಡೆ ನೀಡಿತು. ಆದರೆ ಅಷ್ಟರಲ್ಲಿ ಹಸ್ತಾಂತರವಾಗಿದ್ದ ಭೂಮಿಯಲ್ಲಿ ನೀಲಗಿರಿ ನಿಂತಿತ್ತು. 1987ರ ನವೆಂಬರ್ 14ರಂದು ಸುಮಾರು 2,000 ಜನರು ಕುಸನೂರಿನಲ್ಲಿ ಸೇರಿ, ಸಾಂಕೇತಿಕವಾಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹಣ್ಣು ಮತ್ತು ಮೇವು ಕೊಡುವ ಗಿಡಗಳನ್ನು ನೆಟ್ಟರು. ಈ ಭಾಗದ ಆಡುಮಾತಿನಲ್ಲಿ ಗಿಡ ನೆಡುವುದಕ್ಕೆ ಹಚ್ಚುವುದೆನ್ನುತ್ತಾರೆ. ಹೀಗಾಗಿ ಅದು ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹವೆಂದೇ ಹೆಸರಾಯಿತು. 1991ರಲ್ಲಿ ಸರ್ಕಾರವು ಆ ಕಂಪನಿಯನ್ನು ಮುಚ್ಚಿತು.

ಕುಸನೂರಿನ ಜಯವನ್ನು ಸ್ಮರಿಸುವಾಗ ಅದರ ವೆಚ್ಚವನ್ನೂ ಲೆಕ್ಕ ಹಾಕಬೇಕಾಗುತ್ತದೆ. ಒಪ್ಪಂದದಿಂದ ಕಂಪನಿ ಮುಚ್ಚುವವರೆಗೆ ಏಳು ವರ್ಷ ಹಿಡಿಯಿತು. ಊರಿನ ದನ ಎಲ್ಲಿ ಮೇಯುತ್ತದೆ ಎಂಬುದನ್ನು ಸಾಬೀತುಪಡಿಸಲು ದೆಹಲಿಯವರೆಗೆ ಹೋಗಬೇಕಾಯಿತು. 1983ರ ಕಾಯ್ದೆಯಡಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಮೊದಲ ಚುನಾವಣೆ ನಡೆದದ್ದು 1987ರ ಆರಂಭದಲ್ಲಿ. ಭೂಮಿಯನ್ನು ಗುತ್ತಿಗೆಗೆ ಕೊಡುವ ತೀರ್ಮಾನವಾದಾಗ ಇವು ಇನ್ನೂ ರಚನೆಯಾಗಿರಲೇ ಇಲ್ಲ. ಇಂದಿನ ಸ್ಥಿತಿ ಹಾಗಿಲ್ಲ. 1993ರ ಅಧಿನಿಯಮವು ಇಂದು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮವೆಂಬ ಹೆಸರಿನಲ್ಲಿ ವಾರ್ಡ್ ಸಭೆಗೂ ಗ್ರಾಮಸಭೆಗೂ ಕಾನೂನಿನ ಸ್ಥಾನ ನೀಡಿದೆ. ಆ ಸ್ಥಾನವನ್ನು ಬಳಸಿಕೊಳ್ಳುವುದು ಸದಸ್ಯರ ಕೈಯಲ್ಲಿದೆ.

ಇನ್ನು ಕಂದಾಯ ಕಾನೂನಿನತ್ತ ಗಮನ ಹರಿಸುವುದು ಸೂಕ್ತ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 71ನೇ ಪ್ರಕರಣದಂತೆ ಜಿಲ್ಲಾಧಿಕಾರಿಗಳು ಉಚಿತ ಹುಲ್ಲುಗಾವಲು ಮತ್ತು ಇತರ ಸಾರ್ವಜನಿಕ ಉದ್ದೇಶಗಳಿಗೆ ಭೂಮಿಯನ್ನು ಕಾಯ್ದಿರಿಸಬಹುದು. ಹಾಗೆ ಕಾಯ್ದಿರಿಸಿದ ಭೂಮಿಯನ್ನು ಅವರ ಮಂಜೂರಾತಿ ಇಲ್ಲದೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ. 72ನೇ ಪ್ರಕರಣವು ಅಲ್ಲಿ ಮೇಯಿಸುವ ಹಕ್ಕನ್ನು ಆಯಾ ಗ್ರಾಮದ ಜಾನುವಾರುಗಳಿಗೆ ಸೀಮಿತಗೊಳಿಸುತ್ತದೆ. 1966ರ ನಿಯಮಗಳ 97ನೇ ನಿಯಮವು ಅಳತೆಯನ್ನು ಹೇಳುತ್ತದೆ: ಕುರಿ ಮತ್ತು ಆಡುಗಳನ್ನು ಬಿಟ್ಟು, ಗ್ರಾಮದ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್.

ಈ ಅಳತೆಯ ಒಳಗೆ ಅಡಗಿರುವ ಲೆಕ್ಕವನ್ನು ಪ್ರತಿಯೊಬ್ಬ ಸದಸ್ಯರೂ ಅರಿತಿರಬೇಕು. ಉದಾಹರಣೆಗಾಗಿ 400 ಜಾನುವಾರುಗಳಿರುವ ಒಂದು ಊರನ್ನು ಊಹಿಸಿಕೊಳ್ಳಬಹುದು. ಆ ಊರಿಗೆ 48 ಹೆಕ್ಟೇರ್ ಗಾಯರಾಣ ಬೇಕು. ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾಗಿ, ಮುಂದಿನ ಗಣತಿಯಲ್ಲಿ ಜಾನುವಾರುಗಳ ಸಂಖ್ಯೆ 250ಕ್ಕೆ ಇಳಿದರೆ ಬೇಕಾಗುವುದು 30 ಹೆಕ್ಟೇರ್ ಮಾತ್ರ. ಉಳಿದ 18 ಹೆಕ್ಟೇರ್, ಅಂದರೆ ಸುಮಾರು 44 ಎಕರೆ, ಕಡತದಲ್ಲಿ ‘ಹೆಚ್ಚುವರಿ’ಯಾಗುತ್ತದೆ. ಹೆಚ್ಚುವರಿಯೆಂದು ಕಂಡುಬಂದ ಭೂಮಿಯು ಮಂಜೂರಾತಿಯ ಬೇಡಿಕೆಗಳಿಗೆ ತೆರೆದುಕೊಳ್ಳುತ್ತದೆ. ಯಾರೂ ಬೇಲಿ ಮುರಿಯದೆ, ಯಾರೂ ಜಗಳವಾಡದೆ, ಗಣತಿಯ ಒಂದು ಅಂಕಿಯಿಂದಲೇ ಊರಿನ ಭೂಮಿ ಕರಗಬಹುದು. ಆದ್ದರಿಂದ ಜಾನುವಾರು ಗಣತಿಯ ಸಿಬ್ಬಂದಿ ಬಂದಾಗ ಪ್ರತಿ ಮನೆಯ ದನ, ಎಮ್ಮೆ, ಕರುಗಳು ಎಣಿಕೆಯಲ್ಲಿ ಸೇರಿವೆಯೇ ಎಂಬುದನ್ನು ವಾರ್ಡಿನ ಸದಸ್ಯರು ಖಚಿತಪಡಿಸಿಕೊಳ್ಳುವುದು ಸಣ್ಣ ಕೆಲಸವಲ್ಲ.

ಈ ನಿಯಮದಲ್ಲಿ ಬ್ಯಾಡಗಿ ಸೀಮೆಗೆ ವಿಶೇಷವಾಗಿ ತಟ್ಟುವ ಅಂಶವೂ ಇದೆ. ಕುರಿ ಮತ್ತು ಆಡುಗಳು ಲೆಕ್ಕಕ್ಕೆ ಬರುವುದಿಲ್ಲ. ಕಾಗಿನೆಲೆಯ ಸುತ್ತಲಿನ ಈ ನಾಡಿನಲ್ಲಿ ಕುರಿ ಸಾಕಣೆಯು ಅನೇಕ ಕುಟುಂಬಗಳ ಜೀವನಾಧಾರವಾಗಿದೆ. ಹೊಲವಿಲ್ಲದ ಕುರಿಗಾರನಿಗೆ ಗಾಯರಾಣವೇ ಹೊಲ. ಮೆಣಸಿನಕಾಯಿ, ಹತ್ತಿ, ಗೋವಿನಜೋಳ ಹೊಲದಲ್ಲಿ ನಿಂತಿರುವ ತಿಂಗಳುಗಳಲ್ಲಿ ಹಿಂಡು ಮೇಯಬೇಕಾದದ್ದು ಇಲ್ಲಿಯೇ. ಸುಗ್ಗಿ ಮುಗಿದ ಮೇಲೆ ಅದೇ ಹಿಂಡು ಹೊಲದಲ್ಲಿ ತಂಗಿ ಗೊಬ್ಬರ ಕೊಡುತ್ತದೆ. ನಿಯಮದ ಎಣಿಕೆಯಲ್ಲಿ ಇಲ್ಲದ ಈ ಬಳಕೆಯನ್ನು ಗ್ರಾಮಸಭೆಯ ಠರಾವಿನಲ್ಲಾದರೂ ಬರೆದಿಡದಿದ್ದರೆ, ತೀರ್ಮಾನ ಕೈಗೊಳ್ಳುವ ಅಧಿಕಾರಿಗೆ ಕುರಿಗಾರನೊಬ್ಬ ಇದ್ದಾನೆಂಬುದೇ ತಿಳಿಯುವುದಿಲ್ಲ.

ಇಲ್ಲಿ ಒಂದು ಕಠಿಣ ಪ್ರಶ್ನೆಯನ್ನು ಎದುರಿಸಲೇಬೇಕಾಗುತ್ತದೆ. ಗಾಯರಾಣದಲ್ಲಿ ಸಾಗುವಳಿ ಮಾಡುತ್ತಿರುವವರೆಲ್ಲರೂ ಒಂದೇ ಬಗೆಯವರಲ್ಲ. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆಯಲ್ಲಿ ಗೇಣಿದಾರರು ನಮೂನೆ 7ರ ಅರ್ಜಿ ಸಲ್ಲಿಸಿ ಉಳುವ ಭೂಮಿಯ ಒಡೆತನ ಪಡೆದರು. ಗೇಣಿಯೂ ಇಲ್ಲದ ಕೂಲಿಕಾರ ಕುಟುಂಬಗಳಿಗೆ ಆ ದಾರಿ ಇರಲಿಲ್ಲ. ಅವರಲ್ಲಿ ಕೆಲವರು ಸರ್ಕಾರಿ ಭೂಮಿಯ ಮೂಲೆಯೊಂದನ್ನು ಹಸನು ಮಾಡಿ ಹೊಟ್ಟೆ ಹೊರೆದರು. ಬಗರ್ ಹುಕುಂ ಸಾಗುವಳಿಯ ಸಕ್ರಮಕ್ಕಾಗಿ ನಮೂನೆ 50, 53 ಮತ್ತು 57ರಲ್ಲಿ ಅರ್ಜಿಗಳು ಬಂದುದರ ಹಿಂದೆ ಇಂತಹ ಕುಟುಂಬಗಳ ಬದುಕೂ ಇದೆ. ಅದೇ ವೇಳೆಗೆ, ಸ್ವಂತ ಹೊಲ ಸಾಕಷ್ಟಿದ್ದರೂ ಪಕ್ಕದ ಗಾಯರಾಣವನ್ನು ವರ್ಷಕ್ಕೆ ನಾಲ್ಕು ಸಾಲಿನಂತೆ ಒತ್ತುತ್ತಾ ಬಂದವರೂ ಇದ್ದಾರೆ. ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಾಗದು.

ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ ಕೂಡ ಗುರುತಿಸಿದೆ. ಪಂಜಾಬಿನ ಪಟಿಯಾಲಾ ಜಿಲ್ಲೆಯ ಊರೊಂದರ ಕೆರೆಯನ್ನು ತುಂಬಿ ಮನೆ ಕಟ್ಟಿದ ಪ್ರಕರಣದಲ್ಲಿ, 2011ರ ಜನವರಿ 28ರಂದು ನೀಡಿದ ಜಗಪಾಲ್ ಸಿಂಗ್ ತೀರ್ಪಿನಲ್ಲಿ, ಊರಿನ ಸಾಮೂಹಿಕ ಭೂಮಿಯ ಅಕ್ರಮ ಒತ್ತುವರಿಯನ್ನು ತೆರವುಗೊಳಿಸಿ ಅದನ್ನು ಜನರ ಬಳಕೆಗೆ ಮರಳಿಸಲು ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಲಾಯಿತು. ಸಕ್ರಮವು ಅಪವಾದವಾಗಿ ಮಾತ್ರ ಇರಬೇಕು. ಭೂರಹಿತ ಕಾರ್ಮಿಕರಿಗೆ ಅಥವಾ ಪರಿಶಿಷ್ಟರಿಗೆ ಸರ್ಕಾರಿ ಆದೇಶದಂತೆ ಗುತ್ತಿಗೆ ನೀಡಿರುವಲ್ಲಿ, ಅಥವಾ ಶಾಲೆ, ಆಸ್ಪತ್ರೆಯಂತಹ ಸಾರ್ವಜನಿಕ ಸೌಲಭ್ಯ ಈಗಾಗಲೇ ಇರುವಲ್ಲಿ ಅದನ್ನು ಪರಿಗಣಿಸಬಹುದೆಂದು ತೀರ್ಪು ಹೇಳುತ್ತದೆ. ಯಾರು ಭೂರಹಿತರು, ಯಾರು ಅಲ್ಲ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅದನ್ನು ಹೇಳುವ ಧೈರ್ಯ ಒಬ್ಬ ವ್ಯಕ್ತಿಗೆ ಇಲ್ಲದಿರಬಹುದು. ತುಂಬಿದ ಗ್ರಾಮಸಭೆಗೆ ಇರಬಲ್ಲದು.

ಗಾಯರಾಣದ ಮಾತು ಕೆರೆಯ ಮಾತೂ ಹೌದು. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯ ವ್ಯಾಪ್ತಿಗೆ ಬರುತ್ತವೆ. ಜಲ ಸಂವರ್ಧನೆ ಯೋಜನೆಯ ಕಾಲದಲ್ಲಿ ಹಾವೇರಿ ಜಿಲ್ಲೆಯ ಕೆರೆಗಳಿಗೂ ಬಳಕೆದಾರರ ಸಂಘಗಳು ರಚನೆಯಾದವು. ಉದ್ಯೋಗ ಖಾತರಿಯಡಿ ಹೂಳೆತ್ತುವ ಕೆಲಸವೂ ನಡೆದಿದೆ. ಆದರೆ ಮಳೆಯ ನೀರು ಕೆರೆಗೆ ಬರುವುದು ಮೇಲಿನ ಗಾಯರಾಣದ ಇಳಿಜಾರಿನಿಂದ, ಅದರೊಳಗಿನ ಹಳ್ಳ ಮತ್ತು ಕಾಲುವೆಗಳ ಮೂಲಕ. ಆ ಹಳ್ಳವನ್ನು ಉತ್ತು ಹೊಲ ಮಾಡಿದರೆ ಎಷ್ಟು ಹೂಳು ತೆಗೆದರೂ ಕೆರೆ ತುಂಬುವುದಿಲ್ಲ. ಕೆರೆ ತುಂಬದಿದ್ದರೆ ಸುತ್ತಲಿನ ಕೊಳವೆಬಾವಿಗಳ ನೀರೂ ಇಳಿಯುತ್ತದೆ. ಆಗ ಒತ್ತುವರಿ ಮಾಡಿದವರ ಬಾವಿಯೂ ಉಳಿಯುವುದಿಲ್ಲ.

ಹಾಗಾದರೆ ಪಂಚಾಯತಿಯು ಮಾಡಬೇಕಾದುದೇನು? ಮೊದಲನೆಯದಾಗಿ, ತಹಶೀಲ್ದಾರರ ಕಚೇರಿಯಿಂದ ಉತಾರ, ಆಕಾರಬಂದ್ ಮತ್ತು ಗ್ರಾಮ ನಕಾಶೆಯ ಪ್ರತಿಗಳನ್ನು ಪಡೆದು, ‘ಸರ್ಕಾರ’ ಎಂದಿರುವ ಪ್ರತಿಯೊಂದು ಸರ್ವೆ ನಂಬರನ್ನೂ ವಿಸ್ತೀರ್ಣ ಸಹಿತ ಒಂದು ವಹಿಯಲ್ಲಿ ಬರೆಯಬೇಕು. ದಿಶಾಂಕ್ ಆ್ಯಪ್ ಬಳಸಿ ಸ್ಥಳದಲ್ಲಿ ನಿಂತು ಸರ್ವೆ ನಂಬರು ಗುರುತಿಸಬಹುದು. ಅದು ಅಂದಾಜಿಗೆ ಮಾತ್ರ. ಗಡಿಯ ವಿವಾದವಿದ್ದಲ್ಲಿ ಭೂಮಾಪಕರ ಅಳತೆಯೇ ಅಂತಿಮ.

ಎರಡನೆಯದಾಗಿ, ಪ್ರತಿ ತುಂಡಿನ ಬಳಕೆಯನ್ನು ಬರೆಯಬೇಕು. ಯಾವ ತಿಂಗಳಲ್ಲಿ ಯಾರ ದನ, ಯಾರ ಕುರಿ ಮೇಯುತ್ತದೆ, ಯಾವ ಹಾದಿಯಲ್ಲಿ ಹಿಂಡು ಹೋಗುತ್ತದೆ, ನೀರು ಎಲ್ಲಿಂದ ಹರಿದು ಎಲ್ಲಿಗೆ ಸೇರುತ್ತದೆ ಎಂಬುದೆಲ್ಲ ಸೇರಬೇಕು. ಇದನ್ನು ಹೇಳಬಲ್ಲವರು ದನ ಕಾಯುವವರು, ಕುರಿಗಾರರು ಮತ್ತು ಸೌದೆ ತರುವ ಹೆಣ್ಣುಮಕ್ಕಳು. ಅವರನ್ನು ಕರೆಸಿ ಕೇಳದ ವಹಿ ಅಪೂರ್ಣವಾಗುತ್ತದೆ. ಜೀವವೈವಿಧ್ಯ ಅಧಿನಿಯಮ, 2002ರಡಿ ಪ್ರತಿ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಮೇವಿನ ಹುಲ್ಲು, ಔಷಧಿಯ ಗಿಡಗಳ ವಿವರಕ್ಕೆ ಆ ದಾಖಲಾತಿಯೇ ಸ್ಥಾನವಾಗಿದೆ.

ಮೂರನೆಯದಾಗಿ, ಈ ವಹಿಯನ್ನು ವಾರ್ಡ್ ಸಭೆಯಲ್ಲಿ ಓದಿ ಹೇಳಿ, ತಿದ್ದಿ, ಗ್ರಾಮಸಭೆಯಲ್ಲಿ ಠರಾವು ಮಾಡಿ, ಅದರ ಪ್ರತಿಯನ್ನು ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗಳಿಗೂ ಕಳುಹಿಸಿ ಸ್ವೀಕೃತಿ ಪಡೆಯಬೇಕು. ಒತ್ತುವರಿಯ ಪಟ್ಟಿಯಲ್ಲಿ ಸದಸ್ಯರ ಅಥವಾ ಅವರ ಬಂಧುಗಳ ಹೆಸರಿದ್ದರೆ ಅದನ್ನೂ ಓದಬೇಕು. ಆ ಒಂದು ಹೆಸರು ಮುಚ್ಚಿಟ್ಟರೆ ಇಡೀ ವಹಿಯ ಮೇಲಿನ ನಂಬಿಕೆ ಹೋಗುತ್ತದೆ.

ಗ್ರಾಮಸಭೆಯ ಠರಾವು ಕಂದಾಯ ಇಲಾಖೆಯ ಅಧಿಕಾರವನ್ನು ತೆಗೆದುಹಾಕುವುದಿಲ್ಲ; ಭೂಮಿ ಮಂಜೂರು ಮಾಡುವ ಅಥವಾ ತೆರವುಗೊಳಿಸುವ ಆದೇಶ ಹೊರಡಬೇಕಾದುದು ಆ ಇಲಾಖೆಯಿಂದಲೇ. ಆದರೆ ಠರಾವು ಕಡತದಲ್ಲಿ ಸೇರಿದ ಮೇಲೆ ಆ ಭೂಮಿಯು ಖಾಲಿ ಇದೆಯೆಂದು ಯಾವ ಕಚೇರಿಯೂ ಸುಲಭವಾಗಿ ಬರೆಯಲಾಗದು. 1984ರಲ್ಲಿ ಕುಸನೂರಿನ ಬಳಿ ಇಲ್ಲದೇ ಹೋದ ಸಾಧನ ಇದೇ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಒಂದು ವಹಿ, ಒಂದು ನಕಾಶೆ, ಊರಿನ ಹಿರಿಯರೊಡನೆ ನಾಲ್ಕು ದಿನದ ನಡಿಗೆ ಸಾಕು. ಮುಂದಿನ ಗ್ರಾಮಸಭೆಯ ವಿಷಯ ಪಟ್ಟಿಯಲ್ಲಿ ಮನೆ, ಚರಂಡಿ, ಬೀದಿದೀಪಗಳೊಡನೆ ಗಾಯರಾಣವೂ ಒಂದು ವಿಷಯವಾಗಿ ಸೇರಲಿ ಎಂದು ಕೋರಲಾಗಿದೆ.