ದೇವರ ಮೀನಿನ ಕುಲ

ಸುಳ್ಯದಿಂದ ಮಡಿಕೇರಿಯ ದಾರಿ ಹಿಡಿದು ಅರಂತೋಡಿನಲ್ಲಿ ಇಳಿದು ಒಳಗೆ ಹೋದರೆ ತೊಡಿಕಾನ ಸಿಗುತ್ತದೆ. ಅಲ್ಲಿಯ ಮಲ್ಲಿಕಾರ್ಜುನ ದೇವಸ್ಥಾನದ ಬಳಿ ಹರಿಯುವ ಹೊಳೆಯ ಮೀನುಗಳನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಒಂದು ಹಿಡಿ ಅಕ್ಕಿ ಎಸೆದರೆ ಸಾಕು, ನೀರೇ ಕಪ್ಪಾಗುವಂತೆ ಮೇಲೆದ್ದು ಬರುತ್ತವೆ; ಒಂದರ ಬೆನ್ನ ಮೇಲೆ ಇನ್ನೊಂದು ಏರುತ್ತದೆ. ಸುಬ್ರಹ್ಮಣ್ಯದ ಕುಮಾರಧಾರೆಯಲ್ಲಿಯೂ, ಏನೆಕಲ್ಲಿನ ಹತ್ತಿರದ ನಾಕೂರುಗಯದಲ್ಲಿಯೂ ಇಂಥ ಮೀನುಗಳಿವೆ. ದೇವರ ಮೀನು ಎಂದು ಅವುಗಳ ಹೆಸರು. ಅವುಗಳಿಗೆ ಗಾಳ ಹಾಕಿದವನ ಮನೆಗೆ ಒಳ್ಳೆಯದಾಗದು ಎಂಬ ಒಂದು ನಂಬಿಕೆ ಇಷ್ಟು ಕಾಲವೂ ಅವನ್ನು ಕಾಯ್ದುಕೊಂಡು ಬಂದಿದೆ.

ಕೆಲವು ಸಮಯದ ಕೆಳಗೆ ನಾನು ತೊಡಿಕಾನಕ್ಕೆ ಹೋಗಿದ್ದಾಗ ಜೊತೆಯಲ್ಲಿ ಕಡಬದ ಕಡೆಯ ಹಿರಿಯ ಮಿತ್ರರೊಬ್ಬರಿದ್ದರು. ಅಡಿಕೆ ತೋಟದವರು, ಅವರ ತೋಟದ ಕೆಳಗೆ ಹರಿಯುವ ತೋಡು ಕುಮಾರಧಾರೆಯನ್ನು ಸೇರುತ್ತದೆ. ಬಹಳ ಹೊತ್ತು ಮೀನುಗಳನ್ನು ನೋಡುತ್ತ ನಿಂತಿದ್ದು ಅವರು ಹೇಳಿದರು: "ಅಲ್ಲ ಮಾರಾಯರೇ, ಇಲ್ಲಿ ಇಷ್ಟು ಮೀನುಂಟು. ನಾನು ಸಣ್ಣವನಿದ್ದಾಗ ನಮ್ಮ ತೋಡಿಗೂ ಮಳೆಗಾಲದಲ್ಲಿ ಹತ್ತಿ ಬರುತ್ತಿತ್ತು. ಈಗ ಒಂದೂ ಇಲ್ಲ. ಎಲ್ಲಿಂದಾದರೂ ಒಂದು ಸಾವಿರ ಮರಿ ತರಿಸಿ ಬಿಟ್ಟುಬಿಡುವ ಎಂದಿದ್ದೇನೆ. ಮೀನೂ ಆಯಿತು, ಪುಣ್ಯವೂ ಆಯಿತು."

"ಯಾವ ಮೀನಿನ ಮರಿ?" ಎಂದು ಕೇಳಿದೆ.

"ಇದೇ. ಮಹಶೀರ್."

ಕಗ್ಗಂಟು ಇರುವುದು ಅಲ್ಲಿಯೇ. ಮಹಶೀರ್ ಎಂಬುದು ಒಂದು ಮೀನಿನ ಹೆಸರಲ್ಲ. ಒಂದು ದೊಡ್ಡ ಮನೆತನದ ಹೆಸರು. ಪೂನಾದ ಬಳಿಯ ಮುಳಾ-ಮುಠಾ ಹೊಳೆಯ ಮಹಶೀರನ್ನು ಕರ್ನಲ್ ಸೈಕ್ಸ್ ಎಂಬವನು ೧೮೩೯ರಲ್ಲಿ ವರ್ಣಿಸಿ ಅದಕ್ಕೆ ಖುದ್ರೆ ಎಂಬ ಹೆಸರಿಟ್ಟ. ಹತ್ತು ವರ್ಷಗಳ ಮೇಲೆ ಜೆರ್ಡನ್ ಎಂಬವನು ಮಲಬಾರಿನ ಬೆಟ್ಟದ ಹೊಳೆಗಳ ಮಹಶೀರಿಗೆ ಬೇರೆ ಹೆಸರು ಕೊಟ್ಟ. ಅವೆರಡೂ ಒಂದೇ ಎಂದು ಕೆಲವರು, ಅಲ್ಲ ಎಂದು ಕೆಲವರು ಬಹಳ ಕಾಲ ವಾದಿಸುತ್ತಿದ್ದರು. ಅವು ಬೇರೆ ಬೇರೆಯೇ ಎಂಬುದಕ್ಕೆ ವಂಶವಾಹಿಗಳ ಸಾಕ್ಷ್ಯ ಪ್ರಕಟವಾದದ್ದು ೨೦೦೫ರಲ್ಲಿ. ನಮ್ಮ ಜಿಲ್ಲೆಗೂ ಈ ಮೀನಿನ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬವನು ಇಲ್ಲಿಯ ಮೀನುಸಾಕಣೆಯ ಬಗೆಗೆ ೧೮೭೦ರಲ್ಲಿಯೇ ಒಂದು ವರದಿ ಬರೆದ. ೧೮೭೩ರಲ್ಲಿ ಭಾರತದ ಗಾಳದ ಬೇಟೆಯ ಮೇಲೆ ಒಂದು ಪುಸ್ತಕವನ್ನೂ ಹೊರತಂದ. ಅದರಲ್ಲಿ ಮಹಶೀರಿಗೇ ಅಗ್ರಪೂಜೆ.

ಹೊರಗಿನ ರೂಪ ನೋಡಿ ಮಹಶೀರಿನ ಜಾತಿ ಹೇಳುವುದು ಬಲ್ಲವರಿಗೂ ಕಷ್ಟ. ಮರಿಯಾಗಿದ್ದಾಗ ಒಂದು ಬಣ್ಣ, ಬೆಳೆದ ಮೇಲೆ ಇನ್ನೊಂದು. ಬಂಡೆಯ ನೀರಿನಲ್ಲಿದ್ದರೆ ತುಟಿ ದಪ್ಪ, ಮಡುವಿನಲ್ಲಿದ್ದರೆ ತೆಳು. ಆದುದರಿಂದ ತಪ್ಪಾಗುತ್ತದೆ. ತಪ್ಪಾದರೆ ಏನಾಗುತ್ತದೆ ಎಂಬುದನ್ನು ನಾವು ಕಾವೇರಿಯಲ್ಲಿ ನೋಡಿದ್ದೇವೆ.

ಕುಮಾರಪರ್ವತದ ಪಶ್ಚಿಮಕ್ಕೆ ಬಿದ್ದ ಮಳೆ ಕುಮಾರಧಾರೆಯಾಗಿ ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಪೂರ್ವಕ್ಕೆ ಬಿದ್ದದ್ದು ಕೊಡಗಿನ ಹಳ್ಳಗಳಲ್ಲಿ ಹರಿದು ಕಾವೇರಿಗೆ ಹೋಗುತ್ತದೆ. ಆ ಕಾವೇರಿಯಲ್ಲಿ ಕಿತ್ತಳೆ ಬಣ್ಣದ ರೆಕ್ಕೆಯ, ಬೆನ್ನು ಗೂನಾದ ಒಂದು ಮಹಶೀರ್ ಇತ್ತು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ೧೯೪೬ರಲ್ಲಿ ಕಬಿನಿಯಲ್ಲಿ ಹಿಡಿದ ಮೀನು ೧೨೦ ಪೌಂಡು ತೂಗಿತು. ನಮ್ಮ ಲೆಕ್ಕದಲ್ಲಿ ಸುಮಾರು ೫೪ ಕಿಲೋ. ಒಬ್ಬ ಆಳಿನಷ್ಟು ಭಾರದ ಮೀನು! ದೇಶ ವಿದೇಶಗಳ ಗಾಳಗಾರರು ಇದಕ್ಕಾಗಿಯೇ ಕಾವೇರಿಯ ದಡಕ್ಕೆ ಬರುತ್ತಿದ್ದರು. ಇಷ್ಟು ಪ್ರಸಿದ್ಧಿ ಪಡೆದ ಪ್ರಾಣಿಗೆ ಶಾಸ್ತ್ರೀಯವಾದ ಒಂದು ಸರಿಯಾದ ಹೆಸರೇ ಇರಲಿಲ್ಲವೆಂದರೆ ನಂಬುತ್ತೀರಾ? ಮಹಶೀರ್ ಎಂದರೆ ಮಹಶೀರ್, ಅಷ್ಟೆ.

ಮೀನು ಕಡಿಮೆಯಾಗುತ್ತ ಬಂದಾಗ ಸಂಬಂಧಪಟ್ಟವರಿಗೆ ಕಾಳಜಿ ಉಂಟಾಯಿತು. ಲೋಣಾವಳದ ಟಾಟಾ ವಿದ್ಯುತ್ ಸಂಸ್ಥೆಯವರ ಮರಿಕೇಂದ್ರದಲ್ಲಿ ಮಹಶೀರನ್ನು ಸಾಕಿ ಮೊಟ್ಟೆ ಮಾಡಿಸುವ ವಿದ್ಯೆ ೧೯೭೦ರ ದಶಕದಲ್ಲಿ ಕೈಗೂಡಿತ್ತು. ಅದು ಸಣ್ಣ ಸಾಧನೆಯಲ್ಲ. ಅಲ್ಲಿಯ ಮರಿಗಳು ಅನೇಕ ನದಿಗಳಿಗೆ ಹೋದುವು, ಕಾವೇರಿಗೂ ಬಂದುವು. ಆದರೆ ಅವು ಖುದ್ರೆಯ ಮರಿಗಳು, ನೀಲಿ ರೆಕ್ಕೆಯವು. ಅವು ಚೆನ್ನಾಗಿಯೇ ಬಾಳಿದುವು. ೧೯೯೮ರಿಂದ ೨೦೧೨ರವರೆಗೆ ಕಾವೇರಿಯ ಒಂದು ಗಾಳದ ಶಿಬಿರದಲ್ಲಿ ಬರೆದಿಟ್ಟ ಲೆಕ್ಕವನ್ನು ತಜ್ಞರು ತೆಗೆದು ನೋಡಿದಾಗ ನೀಲಿ ರೆಕ್ಕೆಯದು ಏರುತ್ತ ಹೋಗಿತ್ತು, ಗೂನು ಬೆನ್ನಿನದು ಇಳಿಯುತ್ತ ಇಳಿಯುತ್ತ ಇಲ್ಲವೆನ್ನುವಷ್ಟಕ್ಕೆ ಬಂದಿತ್ತು. ಮಹಶೀರ್ ಹೆಚ್ಚಿದೆ ಎಂದು ಎಲ್ಲರೂ ಸಂತೋಷಪಡುತ್ತಿದ್ದ ಕಾಲದಲ್ಲಿಯೇ ಕಾವೇರಿಯ ಸ್ವಂತ ಮಹಶೀರ್ ಕಣ್ಮರೆಯಾಗುತ್ತಿತ್ತು.

ಕೊನೆಗೆ ಅದರ ಕುಲ ಗೊತ್ತಾದದ್ದು ೨೦೧೮ರಲ್ಲಿ. ತಮಿಳುನಾಡಿನ ಮೋಯಾರ್ ಹೊಳೆಯಲ್ಲಿ ಉಳಿದಿದ್ದ ಕೆಲವು ಮೀನುಗಳ ವಂಶವಾಹಿಯನ್ನು ಓದಿ, ಮೈಕಟ್ಟನ್ನೂ ಅಳೆದು ಹೋಲಿಸಿದರು. ಕೇರಳದಲ್ಲಿ ಹುಟ್ಟಿ ಕಾವೇರಿಗೇ ಸೇರುವ ಪಾಂಬಾರ್ ಎಂಬ ಉಪನದಿಯಿಂದ ೨೦೦೭ರಲ್ಲಿ ವರ್ಣಿತವಾಗಿದ್ದ ಒಂದು ಮಹಶೀರಿಗೆ ಅದು ಸರಿಹೊಂದಿತು. ಆ ಮೀನಿಗೆ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಕೆ. ರೇಮಾದೇವಿ ಎಂಬ ವಿದುಷಿಯ ಹೆಸರಿಟ್ಟಿದ್ದರು. ಹೀಗೆ ಹೆಸರು ಸಿಕ್ಕಿತು. ಅದೇ ವರ್ಷ, ಅಳಿವಿನ ಅಂಚಿಗೆ ಬಂದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಆ ಹೆಸರು ಸೇರಿತು.

ವಂಶವಾಹಿಯನ್ನು ಓದುವುದೆಂದರೆ ಏನು? ಪ್ರತಿಯೊಂದು ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ಉದ್ದವಾದ ಎಳೆಯಿದೆ. ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಅದರ ಬರವಣಿಗೆ. ಎಲ್ಲವನ್ನೂ ಓದಬೇಕಾಗಿಲ್ಲ. ಸುಮಾರು ೬೫೦ ಅಕ್ಷರಗಳ ಒಂದು ನಿರ್ದಿಷ್ಟ ತುಂಡನ್ನು ಓದಿದರೆ ಹೆಚ್ಚಿನ ಪ್ರಾಣಿಗಳ ಜಾತಿಯನ್ನು ಗುರುತಿಸಬಹುದು ಎಂದು ಕೆನಡದ ಪಾಲ್ ಹೆಬರ್ಟ್ ೨೦೦೩ರಲ್ಲಿ ತೋರಿಸಿಕೊಟ್ಟರು. ಮೀನನ್ನು ಕೊಲ್ಲುವ ಅವಶ್ಯಕತೆಯೂ ಇಲ್ಲ. ರೆಕ್ಕೆಯ ತುದಿಯಿಂದ ಉಗುರಿನಷ್ಟು ಚೂರು ಸಾಕು. ಅದು ಮತ್ತೆ ಬೆಳೆಯುತ್ತದೆ.

ಈ ತುಂಡಿಗೆ ಒಂದು ವಿಶೇಷ ಗುಣವಿದೆ, ಅದನ್ನು ತುಳುನಾಡಿನವರಿಗೆ ವಿವರಿಸುವುದು ಬಹಳ ಸುಲಭ. ಅದು ತಾಯಿಯಿಂದ ಮಾತ್ರ ಬರುತ್ತದೆ. ಅಳಿಯಸಂತಾನದ ಕುಟುಂಬಗಳಲ್ಲಿ ಬಳಿ ಬರುವ ಹಾಗೆಯೇ: ಮಗನಿಗೆ ತಾಯಿಯ ಬಳಿ ಉಂಟು, ಆದರೆ ಅವನ ಮಕ್ಕಳಿಗೆ ಅದು ದಾಟುವುದಿಲ್ಲ. ಬಳಿಯನ್ನು ಮಾತ್ರ ಕೇಳಿದವನಿಗೆ ತಂದೆಯ ಮನೆ ಯಾವುದೆಂದು ತಿಳಿಯುವುದೆಂತು? ಮೀನಿನಲ್ಲಿಯೂ ಹಾಗೆ. ಹೊರಗಿನಿಂದ ತಂದ ಗಂಡು ಇಲ್ಲಿಯ ಹೆಣ್ಣನ್ನು ಕೂಡಿ ಮಿಶ್ರ ಸಂತಾನ ಹುಟ್ಟಿದರೆ, ಈ ಪರೀಕ್ಷೆ ಅದನ್ನು ಊರಿನದೇ ಮೀನು ಎಂದು ಹೇಳಿಬಿಡುತ್ತದೆ. ಆದುದರಿಂದ ತಂದೆ ತಾಯಿ ಇಬ್ಬರಿಂದಲೂ ಬರುವ ಇನ್ನೂ ಕೆಲವು ಗುರುತುಗಳನ್ನು ಜೊತೆಗೆ ನೋಡಬೇಕಾಗುತ್ತದೆ. ಇದನ್ನೆಲ್ಲ ಮಾಡಬಲ್ಲ ಸಂಸ್ಥೆಗಳು ನಮ್ಮಲ್ಲಿಯೇ ಇವೆ. ಮೀನಿಗಾಗಿಯೇ ಲಖನೌದಲ್ಲಿ ರಾಷ್ಟ್ರೀಯ ಮೀನು ವಂಶವಾಹಿ ಸಂಪನ್ಮೂಲ ಕೇಂದ್ರವೊಂದಿದೆ.

ಈ ವಿದ್ಯೆಯ ಬಲವನ್ನು ಇತರ ಕಾಡುಪ್ರಾಣಿಗಳಲ್ಲಿಯೂ ಕಾಣಬಹುದು. ಕಾಡಂಚಿನ ಮನೆಯಲ್ಲಿ ಬೇಯುತ್ತಿರುವ ಮಾಂಸ ಆಡಿನದೇ ಕಡವೆಯದೇ ಎಂಬ ತರ್ಕ ಎದ್ದರೆ ಹೈದರಾಬಾದಿನ ಪ್ರಯೋಗಾಲಯದವರು ಆ ತುಂಡಿನಿಂದಲೇ ಉತ್ತರ ಹೇಳಬಲ್ಲರು. ಸುಳ್ಯ ಕಡಬಗಳ ತೋಟದವರಿಗೆ ರಾತ್ರಿ ನಿದ್ದೆ ಕೆಡಿಸುವ ಆನೆಗಳನ್ನೂ ಹೀಗೆಯೇ ಎಣಿಸಿದ್ದಾರೆ. ೨೦೨೫ರಲ್ಲಿ ಹೊರಬಂದ ಗಣತಿಯಲ್ಲಿ ದೇಶದ ಕಾಡುಗಳಿಂದ ೨೧,೦೫೬ ಲದ್ದಿಯ ಮಾದರಿಗಳನ್ನು ತಂದು, ಅವುಗಳಲ್ಲಿ ೪,೦೬೫ ಆನೆಗಳನ್ನು ಒಂದೊಂದಾಗಿ ಬೇರ್ಪಡಿಸಿ, ಅದರ ಆಧಾರದ ಮೇಲೆ ದೇಶದಲ್ಲಿ ೨೨,೪೪೬ ಆನೆಗಳಿರಬಹುದೆಂದು ಅಂದಾಜು ಮಾಡಿದರು. ಕರ್ನಾಟಕದ ಪಾಲು ೬,೦೧೩. ಆನೆಯ ಲದ್ದಿ ನಮಗೆ ಗೊಬ್ಬರ. ಅವರಿಗೆ ಅದೊಂದು ವಿಳಾಸ.

ಈಗ ನನ್ನ ಮಿತ್ರರ ಸಾವಿರ ಮರಿಗಳ ವಿಚಾರಕ್ಕೆ ಬರೋಣ. ತೊಡಿಕಾನದ ಹೊಳೆ ಪಯಸ್ವಿನಿಯ ಕಡೆಗೆ ಹರಿಯುತ್ತದೆ. ಪಯಸ್ವಿನಿ ಕಾಸರಗೋಡಿನಲ್ಲಿ ಚಂದ್ರಗಿರಿಯೆಂಬ ಹೆಸರಿನಿಂದ ಕಡಲನ್ನು ಸೇರುತ್ತದೆ. ಅವರ ತೋಡಿನ ನೀರು ಹೋಗುವುದು ಮಂಗಳೂರಿಗೆ. ನಕ್ಷೆಯಲ್ಲಿ ಎರಡೂ ನೆರೆಹೊರೆ. ಸಿಹಿನೀರಿನ ಮೀನಿಗೆ ಮಾತ್ರ ನಡುವೆ ಗುಡ್ಡ ಅಡ್ಡ, ಕೆಳಗೆ ಉಪ್ಪುನೀರು ಅಡ್ಡ. ಹೀಗೆ ಬಹುಕಾಲ ಬೇರೆಯಾಗಿ ಬಾಳಿದ ಮೀನುಗಳು ಒಂದೇ ಜಾತಿಯವಾಗಿದ್ದರೂ ಅವುಗಳ ವಂಶದ ಬರಹದಲ್ಲಿ ವ್ಯತ್ಯಾಸಗಳು ಕೂಡಿಕೊಂಡಿರಬಹುದು. ತೊಡಿಕಾನದ ಮರಿಯನ್ನೇ ಕಡಬಕ್ಕೆ ಒಯ್ಯುವುದಕ್ಕೂ ಮೊದಲು ವಿಚಾರಿಸಬೇಕಾದರೆ, ದೂರದ ಮರಿಕೇಂದ್ರದಿಂದ ಬಂದದ್ದನ್ನು ಹೇಳತಕ್ಕದ್ದೇನು? ಇನ್ನೊಂದು ಮಾತು. ಮರಿಕೇಂದ್ರದಲ್ಲಿ ಕೆಲವೇ ತಾಯಿಮೀನುಗಳಿಂದ ಸಾವಿರಾರು ಮರಿ ಮಾಡಿಸುತ್ತಾರೆ. ಅವೆಲ್ಲ ಅಣ್ಣತಮ್ಮ ಅಕ್ಕತಂಗಿಯರು. ನೋಡುವುದಕ್ಕೆ ಸಾವಿರ, ರಕ್ತದ ಲೆಕ್ಕದಲ್ಲಿ ಒಂದೆರಡು ಸಂಸಾರ.

"ಹಾಗಾದರೆ ಸುಮ್ಮನೆ ಕೂರಬೇಕೋ?" ಎಂದು ಅವರು ಸ್ವಲ್ಪ ಬೇಸರದಿಂದಲೇ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರ ತೋಡಿಗೆ ಮೀನು ಹತ್ತದೆ ಇರುವುದಕ್ಕೆ ಮರಿಯ ಕೊರತೆಯೇ ಕಾರಣವೆಂದು ನನಗೆ ತೋರಲಿಲ್ಲ. ಕೆಳಗೆ ಕಿಂಡಿ ಅಣೆಕಟ್ಟುಗಳಿವೆ. ಬೇಸಿಗೆಯಲ್ಲಿ ಪಂಪು ಹೊಳೆಯನ್ನು ಕುಡಿದು ಮುಗಿಸುತ್ತದೆ. ಉಳಿದ ಗಯಗಳಿಗೆ ತೋಟೆ ಹಾಕುವವರು, ವಿಷ ಕಲಸುವವರು ಇದ್ದಾರೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ೧೯೯೦ರ ದಶಕದಲ್ಲಿ ದೇವರ ಮೀನುಗಳಿಗೇ ವಿಷ ಹಾಕಿದ್ದರು. ಸತ್ತ ಮೀನುಗಳಿಗೆ ಊರವರು ಒಂದು ಸ್ಮಾರಕ ಕಟ್ಟಿಸಿದ್ದಾರೆ. ವಂಶವಾಹಿಯ ಪರೀಕ್ಷೆ ವಿಷವನ್ನು ತಡೆಯುವುದಿಲ್ಲ. ಯಾವ ಮೀನನ್ನು ಎಲ್ಲಿ ಉಳಿಸಿಕೊಳ್ಳಬೇಕು ಎಂಬುದನ್ನಷ್ಟೇ ಅದು ಹೇಳುತ್ತದೆ.

ಆದುದರಿಂದ ನಾನು ಅವರಿಗೆ ಹೇಳಿದ್ದು ಇಷ್ಟು: ದೇವಸ್ಥಾನದವರ ಮತ್ತು ಮೀನುಗಾರಿಕೆ ಇಲಾಖೆಯ ಅನುಮತಿ ಪಡೆದು, ಬಲ್ಲವರ ಕೈಯಿಂದ ಕುಮಾರಧಾರೆಯ ಕೆಲವು ಮೀನುಗಳ ಚೂರು ತೆಗೆಸಿ ಓದಿಸಿ. ಇಲ್ಲಿಯದು ಯಾವ ಕುಲವೆಂದು ತಿಳಿಯಲಿ. ಮರಿ ಬೇಕೇ ಬೇಕೆಂದಾದರೆ ಅದೇ ಹೊಳೆಯ ತಾಯಿಮೀನುಗಳಿಂದ, ಆದಷ್ಟು ಹೆಚ್ಚು ಜೋಡಿಗಳಿಂದ ಮಾಡಿಸಬಹುದು.

ಅವರು ಏನೂ ಹೇಳದೆ ಉಳಿದ ಅಕ್ಕಿಯನ್ನು ನೀರಿಗೆ ಎಸೆದರು. ಮಳೆಗಾಲ ಹಿಡಿಯುವ ಮೊದಲು ಒಂದು ದಿನ ಅವರ ಫೋನು ಬಂತು. ಮರಿ ತರಿಸುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದರಂತೆ. ಆ ಹಣದಲ್ಲಿ ಬರುವ ಬೇಸಿಗೆಗೆ ಎರಡು ಗಯಗಳ ದಡದಲ್ಲಿ ರಾತ್ರಿ ಕಾವಲಿಗೆ ಜನ ಇಡುವುದೆಂದು ಊರಿನವರೊಡನೆ ಮಾತಾಗಿದೆಯಂತೆ. "ಆದರೆ ಮಾರಾಯರೇ," ಎಂದರು, "ಆ ಚೂರು ಎಷ್ಟು ದೊಡ್ಡದಿರಬೇಕು ಎಂದಿರಿ?"