ಬಾಯಿಯ ಕ್ಯಾನ್ಸರು ಮಿದುಳಿನ ಪೊರೆಗೆ ತಾಗಿದರೆ



ಹೊಗೆಸೊಪ್ಪಿನಿಂದ ಬಾಯಿಗೆ ಬರುವ ಕೇಡನ್ನು ನೀವು ಹಲವು ಸಲ ಕೇಳಿದ್ದೀರಿ. ಇಂದಿನ ನನ್ನ ಮಾತು ಅದರ ಮುಂದಿನದು. ಬಾಯಿ, ನಾಲಗೆ, ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿ, ಕರೆಂಟು ಕೊಡಿಸಿಕೊಂಡು ಮನೆಗೆ ಬಂದವರು ಹಳ್ಳಿಗಳಲ್ಲೂ ಇದ್ದಾರೆ. ಅಂಥವರಲ್ಲಿ, ಬಹಳ ಅಪರೂಪವಾಗಿ, ರೋಗವು ಮಿದುಳನ್ನು ಸುತ್ತಿರುವ ಪೊರೆಗೆ ಹಬ್ಬುವುದುಂಟು.

ಕೆಲವರಲ್ಲಿ ಅದು ಮುಖದ ನರಗಳ ಜಾಡು ಹಿಡಿದು ತಲೆಬುರುಡೆಯೊಳಕ್ಕೆ ಸೇರುತ್ತದೆ. ಆಗ ಕೆನ್ನೆ ಮರಗಟ್ಟುವುದು, ಬಾಯಿ ಸೊಟ್ಟಗಾಗುವುದು ಮೊದಲು ಕಾಣಬಹುದು. ಬಿಡದ ತಲೆನೋವು, ವಾಂತಿ, ಒಂದು ವಸ್ತು ಎರಡಾಗಿ ತೋರುವುದು, ಕಾಲಿನ ನಿಶ್ಶಕ್ತಿ, ಮೂತ್ರ ಕಟ್ಟುವುದು ಇವೂ ಬರಬಹುದು. ಲಕ್ವ ಹೊಡೆಯಿತೆಂದು ಎಣ್ಣೆ ತಿಕ್ಕುತ್ತ ಕೂರುವವರಿದ್ದಾರೆ. ಬೆಲೆಯುಳ್ಳ ದಿನಗಳು ಅಲ್ಲೇ ಕಳೆಯುತ್ತವೆ.

ಗೊತ್ತುಮಾಡುವುದು ವೈದ್ಯರಿಗೂ ಸುಲಭವಲ್ಲ. ಕ್ಷಯವು ಮಿದುಳಿನ ಪೊರೆಗೆ ತಾಗಿದಾಗಲೂ ಹೆಚ್ಚುಕಡಮೆ ಇವೇ ಚಿಹ್ನೆಗಳು. ಆದಕಾರಣ ಹಳೆಯ ಕ್ಯಾನ್ಸರಿನ ಸಂಗತಿಯನ್ನು ಮೊದಲು ಹೇಳಿರಿ, ಕಾಗದಪತ್ರಗಳನ್ನೆಲ್ಲ ಕೊಂಡೊಯ್ಯಿರಿ. ವಾಸಿಯಾಗಿ ವರ್ಷಗಳಾದವಲ್ಲ ಎಂದು ಮುಚ್ಚಿಡಬೇಡಿರಿ.

ಸಾಮಾನ್ಯವಾಗಿ ಮೊದಲು ಎಂ.ಆರ್.ಐ. ಮಾಡುತ್ತಾರೆ. ರಕ್ತನಾಳಕ್ಕೆ ಒಂದು ಮದ್ದು ಕೊಟ್ಟು ತಲೆಯ, ಬೆನ್ನೆಲುಬಿನ ಚಿತ್ರ ತೆಗೆದರೆ ರೋಗ ತಾಗಿದ ಪೊರೆ ಬೆಳ್ಳಗೆ ಎದ್ದು ಕಾಣುವುದುಂಟು. ಆಮೇಲೆ ಬೆನ್ನಿನ ನೀರಿನ ಪರೀಕ್ಷೆ. ಹೆಚ್ಚಿನವರು ಹಿಂಜರಿಯುವುದು ಇಲ್ಲಿಯೇ. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತದೆಂಬ ಭಯ! ಸೂಜಿ ಹಾಕುವುದು ಸೊಂಟದ ಭಾಗದಲ್ಲಿ. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ. ಕೆಲವರಿಗೆ ಕೆಲವು ದಿನ ತಲೆನೋವು ಇದ್ದೀತು.

ಆ ನೀರಿನಲ್ಲಿ ಕ್ಯಾನ್ಸರಿನ ಜೀವಕಣಗಳಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ಹುಡುಕುತ್ತಾರೆ. ರೋಗವಿದ್ದರೂ ಮೊದಲನೆಯ ಸಲ ಅವು ಸಿಗದೆ ಹೋಗುವುದು ಬಹಳ ಸಾಮಾನ್ಯ. ಎರಡನೆಯ ಸಲ ತೆಗೆದಾಗ ಸಿಗುವ ಸಂಭವ ಹೆಚ್ಚು. ಮತ್ತೆ ಸೂಜಿ ಎಂದೊಡನೆ ವೈದ್ಯರಿಗೆ ಏನೂ ತಿಳಿಯಲಿಲ್ಲವೆಂದು ರೋಗಿಯನ್ನು ಎಬ್ಬಿಸಿಕೊಂಡು ಬರಬೇಡಿರಿ.

ಹೀಗೆ ಹಬ್ಬಿದ ಕ್ಯಾನ್ಸರು ವಾಸಿಯಾಗುವುದು ತೀರ ಕಷ್ಟ. ಹೆಚ್ಚಿನವರ ಆಯುಷ್ಯ ತಿಂಗಳುಗಳ ಲೆಕ್ಕದಲ್ಲಿರುತ್ತದೆ. ಇದನ್ನು ಮರೆಮಾಚಿ ಫಲವಿಲ್ಲ. ಹಾಗಾದರೆ ಇಷ್ಟು ಪರೀಕ್ಷೆ ಏಕೆಂದು ನೀವು ಕೇಳಬಹುದು. ಕ್ಷಯವೆಂದು ತಿಳಿದರೆ ಅದಕ್ಕೆ ಮದ್ದಿದೆ. ಬೇಗ ಹಿಡಿದರೆ ಪ್ರಾಣ ಉಳಿಯಬಹುದು. ಕ್ಯಾನ್ಸರೇ ಆಗಿದ್ದರೆ ತಲೆನೋವು, ವಾಂತಿಗಳನ್ನು ತಗ್ಗಿಸಬಹುದು, ಕೆಲವರಿಗೆ ನಡೆದಾಡುವ ಶಕ್ತಿಯನ್ನು ಕೆಲಕಾಲ ಉಳಿಸಿಕೊಡಬಹುದು. ಮೂತ್ರ ಕಟ್ಟಿದರೆ, ಕಾಲು ಸೋತರೆ ಸಂತೆಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೊರಡಿರಿ.