ಪುಟ್ಟ ಸಿಂಥಸೈಜರ್ ಕೊಳ್ಳುವ ಮೊದಲು



ಮನೆಯಲ್ಲೊಂದು ಕೀಬೋರ್ಡ್, ಒಂದು ಕಂಪ್ಯೂಟರ್, ಅದರಲ್ಲಿ ಧ್ವನಿಮುದ್ರಣದ ತಂತ್ರಾಂಶ. ನಿಮ್ಮಲ್ಲಿ ಕೆಲವರಿಗೆ ಇಷ್ಟು ಅನುಕೂಲ ಇರಬಹುದು. ಇವುಗಳ ಜೊತೆಗೆ ಪುಟ್ಟದೊಂದು ಅನಲಾಗ್ ಸಿಂಥಸೈಜರ್ ಇರಲೆಂದು ಆಸೆಪಡುವುದು ಸಹಜ. ಆದರೆ ಹಣ ಹೆಚ್ಚಾಗಿ ತಂದೆತಾಯಿಯರದು. ಆದ್ದರಿಂದ ಸ್ವಲ್ಪ ಯೋಚಿಸೋಣ.

ಅನಲಾಗ್ ಯಂತ್ರದಲ್ಲಿ ಧ್ವನಿ ಹುಟ್ಟುವುದು ಅಂಕಿಗಳ ಲೆಕ್ಕದಿಂದಲ್ಲ; ಎಡೆಬಿಡದೆ ಏರಿಳಿಯುವ ವೋಲ್ಟೇಜಿನಿಂದ. ಅದರ ಆಸಿಲೇಟರ್ 100 ಹರ್ಟ್ಸ್‌ನ ಗರಗಸದ ಹಲ್ಲಿನಾಕಾರದ ಅಲೆಯನ್ನು ಹೊರಡಿಸಿತೆನ್ನಿ. ಅದರೊಳಗೆ 200, 300, 400 ಹರ್ಟ್ಸ್‌ಗಳ ಅನುಸ್ವರಗಳೂ ಅಡಗಿರುತ್ತವೆ. ಫಿಲ್ಟರ್ ಮೇಲಿನವುಗಳನ್ನು ಸೋಸಿದಂತೆ, ಕರ್ಕಶ ಧ್ವನಿ ಮೃದುವಾಗುತ್ತದೆ. ಅಮೆರಿಕದ ರಾಬರ್ಟ್ ಮೋಗ್ 1964ರಲ್ಲಿ ಈ ದಾರಿಯಲ್ಲಿ ಯಂತ್ರ ಕಟ್ಟಿದರು. ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಏರುವುದು ಅದರ ಕ್ರಮ. ಹೊತ್ತೊಯ್ಯಬಹುದಾದ ಮಿನಿಮೋಗ್ ಬಂದದ್ದು 1970ರಲ್ಲಿ.

ಈಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಮೊದಲನೆಯದು: ನನ್ನ ಬಳಿ ಇರುವುದರಲ್ಲಿ ಯಾವ ಕೊರತೆಯಿದೆ? ಅಗ್ಗದ ಪುಟ್ಟ ಅನಲಾಗ್ ಯಂತ್ರಗಳಲ್ಲಿ ಹಲವು ಒಮ್ಮೆಗೆ ಒಂದೇ ಸ್ವರ ನುಡಿಸುತ್ತವೆ. ಹಾಡಿಗೆ ಕಾರ್ಡ್ಸ್ ಹಿಡಿಯುವವರಿಗೆ ಇವು ಸಾಲವು. ಆದರೆ ನಮ್ಮ ರಾಗಸಂಗೀತ ಒಂಟಿ ಎಳೆಯದೇ. ಅದನ್ನು ನುಡಿಸುವವರಿಗೆ ಇದು ಕೊರತೆಯಲ್ಲ.

ಎರಡನೆಯದು: ಧ್ವನಿಯನ್ನು ನೆನಪಿಡುವವರು ಯಾರು? 2013ರಲ್ಲಿ ಬಂದ ಅರ್ಟೂರಿಯಾ ಮೈಕ್ರೋಬ್ರೂಟ್‌ಗೆ ಸ್ಮರಣೆ ಇಲ್ಲ. ಗುಂಡಿಗಳು ಎಲ್ಲಿದ್ದವೆಂದು ನೀವೇ ಪುಸ್ತಕದಲ್ಲಿ ಗುರುತು ಮಾಡಬೇಕು. ಕಲಿಯುವವರಿಗೆ ಇದು ಒಳ್ಳೆಯ ಅಭ್ಯಾಸ. ವೇದಿಕೆಯ ಮೇಲೆ ಎರಡು ಹಾಡುಗಳ ನಡುವೆ ತೊಡಕು. ಕಾರ್ಗ್ ಮೊನೊಲಾಗ್ 100 ಧ್ವನಿಗಳನ್ನು ಉಳಿಸಿಕೊಳ್ಳುತ್ತದೆ.

ಮೂರನೆಯದು: ಜೋಡಣೆ ಹೇಗೆ? ಕಂಪ್ಯೂಟರಿನ ತಾಳಕ್ಕೆ ಹೊಂದಿಸಲು 1983ರಿಂದ ಬಳಕೆಯಲ್ಲಿರುವ ಮಿಡಿ ಸಂಪರ್ಕವಿದೆ. ಆದರೆ ಯಂತ್ರದ ಧ್ವನಿ ಬೇರೆ ತಂತಿಯಲ್ಲಿ ಬರುತ್ತದೆ. ಅದನ್ನು ಸೇರಿಸಲು ನಿಮ್ಮಲ್ಲಿ ಖಾಲಿ ಇನ್‌ಪುಟ್ ಇಲ್ಲದಿದ್ದರೆ ಇನ್ನೊಂದು ಖರ್ಚು ಹೆಗಲಿಗೆ ಬೀಳುತ್ತದೆ.

ನನ್ನ ಸಲಹೆ ಸರಳ. ವಿಸಿವಿ ರ್‍ಯಾಕ್‌ನಂಥ ಉಚಿತ ತಂತ್ರಾಂಶದಲ್ಲಿ ಒಂದು ಆಸಿಲೇಟರ್, ಒಂದು ಫಿಲ್ಟರ್ ಇಟ್ಟುಕೊಂಡು ಒಂದು ತಿಂಗಳು ಅಭ್ಯಾಸ ಮಾಡಿ. ಅಷ್ಟರಲ್ಲಿ ಬೇಸರ ಬಂದರೆ ಹಣ ಉಳಿಯಿತು. ಮೌಸ್ ಬಿಟ್ಟು ನಿಜವಾದ ಗುಂಡಿಯನ್ನೇ ತಿರುಗಿಸಬೇಕೆಂದು ಕೈ ಹಂಬಲಿಸಿದರೆ, ಯಂತ್ರವಿರುವ ಸ್ನೇಹಿತರಲ್ಲಿಗೋ ಅಂಗಡಿಗೋ ಹೋಗಿ ಒಂದು ಗಂಟೆ ನುಡಿಸಿ ನೋಡಿ. ಆಗ ಮನೆಯಲ್ಲಿ ಹಣ ಕೇಳುವಾಗ, ಅದು ಏಕೆ ಬೇಕೆಂದು ವಿವರಿಸಲು ನಿಮಗೆ ಬರುತ್ತದೆ.